ಗೋಡೆಯಿಂದ ಆರು ಗೇಣು

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು. ಚೆಂಡು ಕೆಂಪಗಿತ್ತು ಎಂದು ನನ್ನ ನೆನಪು. ಅಮ್ಮ ಹಸಿರು ಅನ್ನುತ್ತಾಳೆ. ಪಕ್ಕದ ಮನೆಯ ಟೀಚರ್ ಕಾರು ಕೊಂಡದ್ದು ಎರಡು ಸಾವಿರದ ಮೂರರಲ್ಲೋ ನಾಲ್ಕರಲ್ಲೋ ಖಚಿತವಿಲ್ಲ. ಕಾಲೇಜು ಸೇರಿದಾಗಿನಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಆದರೆ ನನಗೆ ಯಾವ ದಿನದ ಪುಟ ಬೇಕೋ ಆ ದಿನ ಬರೆದಿರುವುದು ಇಷ್ಟೇ: "ಸುಸ್ತು. ಪಾತ್ರೆಗಳೆಲ್ಲ ವಾಪಸ್ಸು ಹೋದವು." ಉಳಿದದ್ದನ್ನು ತಲೆಯಿಂದಲೇ ತೆಗೆಯಬೇಕು. ಈ ವಿಷಯದಲ್ಲಿ ನನ್ನ ತಲೆ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬ ಗುಮಾನಿ ನನಗಿದೆ.

ಟೀಚರ್ ಹೋದ ತಿಂಗಳು ತೀರಿಕೊಂಡರು. ಬಾಳಗಡಿಯಲ್ಲಿ ನನ್ನ ತವರುಮನೆಯ ಪಕ್ಕದ ಮನೆ ಅವರದು. ನಡುವೆ ಒಂದು ಕಾಂಪೌಂಡು ಗೋಡೆ. ಮನೆ ದಿಬ್ಬದ ಮೇಲಿದೆ, ಮುಂಬಾಗಿಲಿಗೆ ಹನ್ನೊಂದು ಮೆಟ್ಟಿಲು. ರಸ್ತೆ ಏರುತ್ತ ಹೋಗುವುದರಿಂದ ಪಕ್ಕದ ಕಾರ್ ಶೆಡ್ಡು ಮಾತ್ರ ಮನೆಯ ನೆಲಕ್ಕೆ ಸಮನಾಗಿದೆ. ದೇಹವನ್ನು ಮೆಟ್ಟಿಲಲ್ಲಿ ಇಳಿಸುವುದು ಕಷ್ಟವೆಂದು ಬಂದವರು ಶೆಡ್ಡಿನ ಮೂಲಕವೇ ಹೊರತಂದರು. ಅದಕ್ಕೆ ಮೊದಲು ಕಾರು ತೆಗೆಯಬೇಕಿತ್ತು. ಕೀಲಿ ಎಲ್ಲಿದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಅಡುಗೆಮನೆಯ ಸಕ್ಕರೆ ಡಬ್ಬದ ಹಿಂದೆ ಸಿಕ್ಕಿತು. ಅಷ್ಟು ಹೊತ್ತು ಹೊರಗೆ ನಿಂತವರಲ್ಲಿ ಒಬ್ಬರು "ಭಾರೀ ಸ್ಟ್ರಿಕ್ಟ್ ಟೀಚರು ಮಾರಾಯ" ಅಂದರು. ಇನ್ನೊಬ್ಬರು "ಗಂಡನ್ನ ದೇವ್ರ ಹಾಗೆ ನೋಡಿಕೊಂಡ್ರು" ಅಂದರು. ಮೊದಲನೆಯ ಮಾತು ಸಾಲದು, ಎರಡನೆಯದು ಸುಳ್ಳು. ದೇವರನ್ನು ಯಾರೂ ಹಾಗೆ ಬೈಯುವುದಿಲ್ಲ.

ಅವರ ಯಜಮಾನರು ಕೊಪ್ಪ–ನರಸಿಂಹರಾಜಪುರ ದಾರಿಯ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದವರು. ಟೀಚರ್ ಕೆಲಸದ ಮೊದಲ ವರ್ಷಗಳಲ್ಲಿ ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ದಿನಾ ಅದೇ ಬಸ್ಸು. ಮದುವೆಯ ಬಗ್ಗೆ ಅವರು ನನಗೆ ಹೇಳಿದ್ದು ಒಂದೇ ಮಾತು: "ಸೀಟು ಹಿಡಿದಿಡ್ತಿದ್ರು. ಕಿಟಕಿ ಪಕ್ಕದ್ದೇ." ಟೀಚರ ತವರು ಶೃಂಗೇರಿ ಹತ್ತಿರದ ಮೆಣಸೆಯ ಕಡೆ, ಮಠದ ನಂಟಿರುವ ಮನೆತನ. ಮದುವೆಯ ಸುದ್ದಿ ತಿಳಿದ ದಿನ ಮನೆಯವರು ಮಗಳಿಗೆ ಎಳ್ಳುನೀರು ಬಿಟ್ಟರಂತೆ. ಮಕ್ಕಳಾಗಲಿಲ್ಲ. ಆಮೇಲೆ ಟೀಚರಿಗೆ ಕೊಪ್ಪಕ್ಕೆ ವರ್ಗವಾಗಿ ಬಾಳಗಡಿಗೆ ಬಂದರು. ನಾನು ಎಂಟು ಮತ್ತು ಒಂಬತ್ತನೇ ತರಗತಿಯಲ್ಲಿ ಅವರ ಕೈಕೆಳಗೆ ಕಲಿತವಳು, ಎರಡು ಸಲ ಕಿವಿ ಹಿಂಡಿಸಿಕೊಂಡವಳು.

ನಾನು ಎಂ.ಎ. ಮುಗಿಸಿ ಊರಿಗೆ ಬಂದು ಕಾಲೇಜಿನಲ್ಲಿ ಅರೆಕಾಲಿಕವಾಗಿ ಪಾಠ ಮಾಡಲು ಶುರುಮಾಡುವ ಹೊತ್ತಿಗೆ ಯಜಮಾನರಿಗೆ ಲಕ್ವ ಹೊಡೆದು ಒಂದು ವರ್ಷವಾಗಿತ್ತು. ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು, ಎರಡು ಶಬ್ದ ಬಿಟ್ಟು. ಬಸ್ಸು ನಿಲ್ಲಿಸಲು ಕೂಗುವ "ಹೋಲ್ಡಾನ್", ಹೊರಡಲು ಕೂಗುವ "ರೈಟ್". ಮೂವತ್ತು ವರ್ಷ ಕೂಗಿ ಕೂಗಿ ಅವು ಬೇರೆ ಯಾವುದೋ ಜಾಗದಲ್ಲಿ ಕೂತಿದ್ದವೇನೋ, ಲಕ್ವಕ್ಕೆ ಸಿಗಲಿಲ್ಲ. ಸಾರು ಸಾಕು ಅನ್ನಲು ಹೋಲ್ಡಾನ್, ಇನ್ನೊಂದು ಸೌಟು ಬೇಕೆಂದರೆ ರೈಟ್. ತೊಂದರೆಯೆಂದರೆ ಅವು ಒಮ್ಮೊಮ್ಮೆ ಅದಲುಬದಲಾಗುತ್ತಿದ್ದವು. ಸಾಕು ಅನ್ನಬೇಕಾದಲ್ಲಿ ರೈಟ್ ಅಂದುಬಿಟ್ಟು, ತಟ್ಟೆ ತುಂಬಿದ ಮೇಲೆ ಅದನ್ನು ನೋಡುತ್ತ ಕೂರುತ್ತಿದ್ದರು.

"ರೈಟ್ ಅಂದ್ಮೇಲೆ ಉಣ್ಣಿ. ಪ್ಯಾಸೆಂಜರಿಗೆಲ್ಲ ಹೇಳ್ತಿದ್ರಲ್ಲ, ಹತ್ತಿದ ಮೇಲೆ ಇಳೀಲಿಕ್ಕಿಲ್ಲ ಅಂತ" ಎಂದು ಟೀಚರ್ ಗದರುತ್ತಿದ್ದರು. ಗದರಿ, ಮುಕ್ಕಾಲು ಅನ್ನವನ್ನು ತಮ್ಮ ತಟ್ಟೆಗೆ ಎಳೆದುಕೊಳ್ಳುತ್ತಿದ್ದರು.

ಅವರಿಗೆ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ವ್ಯಾಯಾಮ ಮಾಡಿಸುವವರು ಶೃಂಗೇರಿಯಲ್ಲಿದ್ದರು. ಬಾಡಿಗೆ ಜೀಪಿನವರು ಮೊದಮೊದಲು ಮೆಟ್ಟಿಲಿಳಿಸಿ ಹತ್ತಿಸುತ್ತಿದ್ದರು. ನಾಲ್ಕೈದು ಸಲದ ಮೇಲೆ ಒಬ್ಬ "ಟೀಚರ್, ನಾ ಡ್ರೈವರು, ಹಮಾಲಿ ಅಲ್ಲ" ಅಂದ. ಆ ತಿಂಗಳೇ ಟೀಚರ್ ಸ್ವಯಂನಿವೃತ್ತಿಗೆ ಬರೆದುಕೊಟ್ಟರು, ಹಳೆಯ ಬಿಳಿ ಕಾರೊಂದನ್ನು ಕೊಂಡರು, ಐವತ್ತೆರಡನೆಯ ವಯಸ್ಸಿನಲ್ಲಿ ಕೊಪ್ಪದ ಡ್ರೈವಿಂಗ್ ಶಾಲೆಗೆ ಸೇರಿದರು. ಕಲಿಸುವವನು ಅವರದೇ ಹಳೆಯ ವಿದ್ಯಾರ್ಥಿ, ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು.

"ಟೀಚರ್, ಕ್ಲಚ್ಚಿಗೆ ಪಾಠ ಮಾಡ್ಬೇಡಿ, ಒತ್ತಿ" ಎಂದು ಅವನು ಬಸ್‌ಸ್ಟ್ಯಾಂಡಿನ ಎದುರು ಎಲ್ಲರಿಗೂ ಕೇಳುವ ಹಾಗೆ ಹೇಳಿದನಂತೆ.

"ನಿಂಗೆ ಲಸಾಅ ಬರ್ಲಿಕ್ಕೆ ಎರಡು ವರ್ಷ ಬೇಕಾಯ್ತು. ನಂಗೆ ಎರಡು ತಿಂಗ್ಳು ಕೊಡು" ಎಂದರಂತೆ ಇವರು.

ರಸ್ತೆಯಲ್ಲಿ ಓಡಿಸುವುದನ್ನು ಎರಡು ತಿಂಗಳಲ್ಲೇ ಕಲಿತರು. ಶೆಡ್ಡಿನೊಳಗೆ ನಿಲ್ಲಿಸುವುದು ಮಾತ್ರ ಬರಲಿಲ್ಲ. ನಮ್ಮ ಕಾಂಪೌಂಡಿಗೂ ಅವರ ಮನೆಗೂ ನಡುವಿನ ಓಣಿಗೆ ಶೀಟು ಹೊದೆಸಿ ಮಾಡಿದ ಶೆಡ್ಡು ಅದು, ಕಾರಿನ ಎರಡು ಪಕ್ಕದಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ಸರಿಯುವಷ್ಟೇ ಜಾಗ. ಎಡಗಡೆ ಮನೆಯ ಗೋಡೆಯಲ್ಲಿ ಒಂದು ಬಾಗಿಲು. ಯಜಮಾನರು ಕೂರುವ ಸೀಟು ಸರಿಯಾಗಿ ಆ ಬಾಗಿಲಿನ ಎದುರಿಗೆ ಬಂದು ನಿಂತರೆ ಮಾತ್ರ ಕಾರಿನ ಬಾಗಿಲು ಪೂರ್ತಿ ತೆರೆಯುತ್ತಿತ್ತು. ಮುಂದಾದರೂ ಹಿಂದಾದರೂ ಗೋಡೆಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಮನೆಬಾಗಿಲಿನ ಚೌಕಟ್ಟಿಗೆ ಟೀಚರ್ ಒಂದು ಕಬ್ಬಿಣದ ಪೈಪು ಜಡಿಸಿದ್ದರು. ಯಜಮಾನರು ಎಡಗೈಯಲ್ಲಿ ಅದನ್ನು ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ, ತಾವೇ ಎದ್ದು ನಿಲ್ಲಬೇಕು ಎನ್ನುವುದು ಲೆಕ್ಕಾಚಾರ. ಆರು ತಿಂಗಳ ವ್ಯಾಯಾಮದ ನಂತರ ಅವರಿಗೆ ಬಂದದ್ದು ಅದೊಂದೇ ಕೆಲಸ. ಊಟ, ಸ್ನಾನ, ಬಟ್ಟೆ ಎಲ್ಲವೂ ಹೆಂಡತಿಯ ಕೈಯಲ್ಲಿ. ಕಾರಿನಿಂದ ಇಳಿಯುವುದು ಮಾತ್ರ ಅವರದು.

ಆದ್ದರಿಂದ ಕಾರು ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲಬೇಕಿತ್ತು. ಟೀಚರ್ ಮೊದಲ ವಾರ ಎದುರು ಗೋಡೆಗೆ ಎರಡು ಸಲ ಗುದ್ದಿದರು. ಆಮೇಲೆ ಗೋಡೆಗೆ ಒಂದು ಹಳೆಯ ನಿಲುಗನ್ನಡಿ ಕಟ್ಟಿದರು, ಕಾರಿನ ಮೂತಿ ಕಾಣಲಿ ಎಂದು. ಕನ್ನಡಿಯಲ್ಲಿ ದೂರ ಸರಿಯಾಗಿ ತಿಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಹಲಸಿನ ಮರದ ಒಂದು ತುಂಡನ್ನು ಚಕ್ರಕ್ಕೆ ಅಡ್ಡ ಇಟ್ಟರು. ಚಕ್ರ ಅದನ್ನು ಮುಟ್ಟುವುದು ಮಳೆಯ ಸದ್ದಿನಲ್ಲಿ ಗೊತ್ತಾಗದು ಎಂದು ಮೇಲಿನ ಕಂಬಿಯಿಂದ ಒಂದು ರಬ್ಬರ್ ಚೆಂಡು ಇಳಿಬಿಟ್ಟರು. ಚೆಂಡು ಮುಂದಿನ ಗಾಜಿಗೆ ತಾಗಿದರೆ ಬ್ರೇಕು. ಅದು ಯಾವುದೋ ಕಾಲದಲ್ಲಿ ತರಗತಿಯಲ್ಲಿ ಯಾರಿಂದಲೋ ಕಿತ್ತುಕೊಂಡ ಚೆಂಡು. ಅಂಥವುಗಳ ಒಂದು ಡ್ರಾಯರೇ ಅವರಲ್ಲಿತ್ತು: ಪೀಪಿ, ಗೋಲಿ, ಬುಗುರಿ, ಒಂದು ಪ್ರೇಮಪತ್ರ.

"ವಾಪಸ್ ಕೊಡ್ಲಿಲ್ವಾ ಟೀಚರ್?"

"ಕೇಳ್ಲಿಕ್ಕೆ ಬಂದವರಿಗೆ ಕೊಟ್ಟಿದೇನೆ. ಇದರವನು ಬರ್ಲಿಲ್ಲ. ಹೆದರುಪುಕ್ಕ."

ಮರ, ಚೆಂಡು ಆದ ಮೇಲೆ ಮೂರನೆಯದು ಸುಣ್ಣದ ಗೆರೆ. ಮರದ ತುಂಡು ಸರಿದುಹೋದರೆ ಗೊತ್ತಾಗಲಿ ಎಂದು ಅದರ ಅಂಚಿಗೆ ನೆಲದ ಮೇಲೆ ಬೆರಳಲ್ಲಿ ಎಳೆದದ್ದು. ವಾರಕ್ಕೊಮ್ಮೆ ಅಂಗೈಯನ್ನು ಗೋಡೆಯಿಂದ ನೆಲದ ಮೇಲೆ ಹುಳದ ಹಾಗೆ ಸರಿಸುತ್ತ ಅಳೆದು, ಗೆರೆಯನ್ನು ಮತ್ತೆ ತಿದ್ದುತ್ತಿದ್ದರು. ಟೇಪು ಯಾಕೆ ಇಟ್ಟುಕೊಳ್ಳುವುದಿಲ್ಲ ಎಂದು ನಾನೊಮ್ಮೆ ಕೇಳಿದೆ. "ಟೇಪು ಹುಡುಕ್ಬೇಕು. ಕೈ ಹುಡುಕ್ಬೇಕಾ?" ಅಂದರು.

ಸಂಜೆ ಕಾರು ಬರುವುದನ್ನು ನಾನು ಕಾಂಪೌಂಡಿನ ಈಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಚೆಂಡು ಗಾಜಿಗೆ ತಾಗುತ್ತಿದ್ದಂತೆ ಒಳಗಿಂದ ಯಜಮಾನರ ಸ್ವರ: "ಹೋಲ್ಡಾನ್." ಟೀಚರ್ ಇಳಿದು ಶೆಡ್ಡಿನ ಗೇಟು ಹಾಕಲು ಹಿಂದೆ ಹೋಗುತ್ತಿದ್ದರು. ಗೇಟು ಹಾಕಲು ಅಷ್ಟು ಹೊತ್ತು ಬೇಕಿರಲಿಲ್ಲ. ತಾನು ಇಳಿಯುವುದನ್ನು ಯಾರೂ ನೋಡಬಾರದು ಎಂದು ಯಜಮಾನರಿಗಿತ್ತು, ಅದಕ್ಕೇ ಟೀಚರ್ ಬೇಕೆಂದೇ ತಡ ಮಾಡುತ್ತಿದ್ದರು. ತಿರುಗಿ ಬರುವ ಹೊತ್ತಿಗೆ ಯಜಮಾನರು ಪೈಪು ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಿದ್ದರು. "ಓಹೋ, ಇಳಿದಾಯ್ತಾ? ಟಿಕೆಟ್ ತೋರಿಸಿ" ಎಂದು ಟೀಚರ್ ಹೇಳಿದ್ದನ್ನು ನಾನು ಕೇಳಿದ್ದೇನೆ. ಒಂದು ಸಲ ಕೇಳಿದ್ದೋ ಪ್ರತಿ ಸಲವೂ ಹೇಳುತ್ತಿದ್ದರೋ ಈಗ ಹೇಳಲಾರೆ.

ಒಳ್ಳೆಯ ನೆರೆಯವರೇನಲ್ಲ ಅವರು. ನಮ್ಮ ಮನೆಗೆ ಬಂದರೆ ಅಮ್ಮನ ಸಾರಿಗೆ ಉಪ್ಪು ಹೆಚ್ಚು ಎನ್ನದೆ ಹೋದವರಲ್ಲ. ಯಜಮಾನರನ್ನು ನೋಡಲು ಬಂದವರು ಹತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ "ಬಸ್ಸಿಗೆ ಹೊತ್ತಾಯ್ತಲ್ಲ ನಿಮ್ಗೆ" ಎನ್ನುತ್ತಿದ್ದರು. ನನ್ನ ಅಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್, ಎತ್ತರದ ಆಳು. ಒಂದು ದಿನ ಜೋರು ಮಳೆ ನೋಡಿ ಯಜಮಾನರನ್ನು ಎತ್ತಿಕೊಂಡೇ ಒಳಗೆ ಬಿಡುತ್ತೇನೆ ಎಂದು ಹೋದ. "ಇವತ್ತು ನೀನು ಎತ್ತಿದ್ರೆ ನಾಳೆ ಅವರ ಕಾಲು ಎತ್ತೂದಿಲ್ಲ. ಹೋಗು ಮಾರಾಯ" ಎಂದು ಗೇಟಿನಿಂದಲೇ ಕಳಿಸಿದರು. ಶೃಂಗೇರಿಗೆ ಅಷ್ಟು ಸಲ ಹೋಗಿ ಬಂದರೂ ಮೆಣಸೆಯ ಕಡೆ ಕಾರು ತಿರುಗಿಸಲಿಲ್ಲ. ತಾಯಿ ತೀರಿಕೊಂಡ ಸುದ್ದಿ ಬಂದ ದಿನವೂ ಗುರುವಾರವೇ ಆಗಿತ್ತು. ಅವರು ಎಂದಿನಂತೆ ವ್ಯಾಯಾಮ ಮುಗಿಸಿಕೊಂಡು ನೇರ ಮನೆಗೆ ಬಂದರು.

ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ನನ್ನ ನಿಶ್ಚಿತಾರ್ಥವಾಯಿತು. ಮನೆಯಲ್ಲೇ, ಅರುವತ್ತು ಜನಕ್ಕೆ ಊಟ. ಅಂಗಳದ ಶಾಮಿಯಾನ ಮಳೆಗೆ ತಡೆಯುವುದಿಲ್ಲ ಎಂದು ಅಮ್ಮ ಚಿಂತೆಯಲ್ಲಿದ್ದಳು. ಟೀಚರ್ ಕಾಂಪೌಂಡಿನ ಆಚೆಯಿಂದಲೇ ಹೇಳಿದರು:

"ಶೆಡ್ಡು ಉಂಟಲ್ಲ. ಎರಡು ಪಂಕ್ತಿ ಹಿಡೀತದೆ. ಕಾರು ಒಂದು ದಿನ ರಸ್ತೇಲಿ ನೆನೀಲಿ."

"ನಿಮ್ಮ ಚೆಂಡು, ಮರ ಎಲ್ಲ ಉಂಟಲ್ಲ ಟೀಚರ್" ಅಂದಳು ಅಮ್ಮ.

"ತೆಗೀರಿ. ಚೆಂಡಿಗೂ ಒಂದು ಎಲೆ ಹಾಕ್ತೀರಾ?"

ಭಾನುವಾರ ಊಟ ಚೆನ್ನಾಗಿಯೇ ಆಯಿತು. ಯಜಮಾನರು ಕುರ್ಚಿಯಲ್ಲಿ ಕೂತು ಹೋಳಿಗೆ ಬಡಿಸುವವನಿಗೆ "ರೈಟ್, ರೈಟ್" ಅಂದರು, ಅದು ಸರಿಯಾದ ರೈಟೇ ಆಗಿತ್ತು. ಪಂಕ್ತಿ ಹಾಕುವ ಜಾಗವೆಂದು ಅಮ್ಮ ಮತ್ತು ಚಿಕ್ಕಮ್ಮ ಹಿಂದಿನ ದಿನವೇ ಶೆಡ್ಡಿನ ನೆಲವನ್ನು ಸೋಪು ಹಾಕಿ ಉಜ್ಜಿ ತೊಳೆದಿದ್ದರು. ಎಣ್ಣೆಯ ಕಲೆ, ಚಕ್ರದ ಗುರುತು, ಸುಣ್ಣದ ಗೆರೆ ಎಲ್ಲವೂ ಹೋಗಿ, ನೆಲ ಎಲೆಯಿಲ್ಲದೆ ಊಟ ಮಾಡಬಹುದು ಎನ್ನುವಷ್ಟು ಸ್ವಚ್ಛವಾಗಿತ್ತು. ರಂಗೋಲಿ ಹಾಕಿದವಳು ನಾನೇ ಇರಬೇಕು.

ಸೋಮವಾರ ಬೆಳಿಗ್ಗೆ ಅವರು ಶೃಂಗೇರಿಗೆ ಹೊರಟರು. ಕಾರು ರಸ್ತೆಯಲ್ಲೇ ಇತ್ತು. ಟೀಚರ್ ಗಾಜು ಇಳಿಸಿ, ನಮ್ಮ ಗೇಟಿನಲ್ಲಿ ನಿಂತಿದ್ದ ನಮಗೆ ಹೇಳಿದರು:

"ಸಂಜೆ ಬರೂದ್ರೊಳಗೆ ಮರ, ಚೆಂಡು ಇದ್ದ ಹಾಗೆ ಇಟ್ಟುಬಿಡಿ. ಗೋಡೆಯಿಂದ ಆರು ಗೇಣಿಗೆ ಮರ. ಮರಕ್ಕೆ ನೇರ ಮೂರು ಗೇಣು ಹಿಂದೆ ಚೆಂಡು. ಆಯ್ತಾ?"

"ಆಯ್ತು ಟೀಚರ್" ಅಂದೆವು. ಅಂದದ್ದು ನಾನೋ ಅಣ್ಣನೋ ಇಬ್ಬರೂ ಒಟ್ಟಿಗೋ.

ಮಧ್ಯಾಹ್ನ ಪಾತ್ರೆಗಳನ್ನು ಲೆಕ್ಕ ಮಾಡಿ ಕಳಿಸಿದ ಮೇಲೆ ನಾವಿಬ್ಬರೂ ಶೆಡ್ಡಿಗೆ ಹೋದೆವು. ಅಣ್ಣ ಹಲಸಿನ ಮರ ಎತ್ತಿಕೊಂಡು ಬಂದ. ಗೆರೆಯನ್ನೂ ಎಳೆದುಬಿಡೋಣ, ಟೀಚರಿಗೆ ಕೆಲಸ ಉಳಿಯುತ್ತದೆ ಎಂದದ್ದು ನಾನು. ತಾಂಬೂಲದ ಸುಣ್ಣ ಮಿಕ್ಕಿತ್ತು. ಗೆರೆ ಎಳೆದದ್ದೂ ನಾನೇ, ಅದು ನನಗೆ ಖಚಿತ. ಅವರದಕ್ಕಿಂತ ನೇರವಾಗಿ ಬಂದಿತ್ತು. ಚೆಂಡು ಕಟ್ಟಿದ್ದು ಅಣ್ಣ, ಮೇಲಿನ ಕಂಬಿ ನನಗೆ ಎಟುಕುತ್ತಿರಲಿಲ್ಲ. ಮರ, ಚೆಂಡು, ಗೆರೆ ಮೂರೂ ಒಂದಕ್ಕೊಂದು ತಾಳೆಯಾಗುವಂತೆ ಇಟ್ಟೆವು. ಈಗ ಅನ್ನಿಸುತ್ತದೆ, ಮೂರು ಸುಳ್ಳುಸಾಕ್ಷಿಗಳಿಗೆ ಒಂದೇ ಮಾತು ಕಲಿಸಿದ ಹಾಗಾಯಿತು ಎಂದು.

ಸಂಜೆ ಜೋರು ಮಳೆ. ಕಾರು ಬಂದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಹಾರನ್. ಬಿಟ್ಟು ಬಿಟ್ಟು ಹಾರನ್.

"ಚೆಂಡು ಸರಿ ಇದ್ಯಂತೆ, ಟೀಚರ್ ಖುಷಿಗೆ ಹಾರನ್ ಹೊಡೀತಾರೆ" ಅಂದಳು ಅಮ್ಮ. ನಾವು ನಕ್ಕೆವು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಐದು ನಿಮಿಷ ಎಂದು ನಾನು ಅಂದುಕೊಂಡಿದ್ದೇನೆ, ಅಮ್ಮ ಎರಡು ಅನ್ನುತ್ತಾಳೆ. ಹಾರನ್ ನಿಲ್ಲದೆ ಒಂದೇ ಸಮ ಬರತೊಡಗಿದಾಗ ಅಣ್ಣ ಕಾಂಪೌಂಡು ಹಾರಿದ.

ಯಜಮಾನರು ಕಾರಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಬಿದ್ದಿದ್ದರು. ಕಾರಿನ ಬಾಗಿಲು ಅರ್ಧ ತೆರೆದು ಗೋಡೆಗೆ ಕಚ್ಚಿಕೊಂಡಿತ್ತು. ಕೈ ಚಾಚಿದ ಜಾಗದಲ್ಲಿ ಪೈಪು ಇರಲಿಲ್ಲ, ಅದು ಒಂದಡಿ ಮುಂದಿತ್ತು. ಟೀಚರ್ ಒಂದು ಕೈಯಲ್ಲಿ ಅವರ ತಲೆ ಹಿಡಿದು, ಸೀಟಿನ ಮೇಲೆ ಅಡ್ಡ ಬಿದ್ದು, ಇನ್ನೊಂದು ಕೈಯಲ್ಲಿ ಹಾರನ್ ಒತ್ತುತ್ತಿದ್ದರು. ಅಣ್ಣ ಕಾರನ್ನು ಹಿಂದಕ್ಕೆ ತಳ್ಳಿ ಅವರನ್ನು ಎತ್ತಿಕೊಂಡ. ಈ ಸಲ ಟೀಚರ್ ಬೇಡ ಅನ್ನಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಅಣ್ಣ ಮೂರು ದಿನ ಅಲ್ಲೇ ಇದ್ದ. ನಾನು ನಾಲ್ಕನೆಯ ದಿನ ಹೋದೆ. ವರಾಂಡದ ಬೆಂಚಿನಲ್ಲಿ ಟೀಚರ್ ಕೂತಿದ್ದರು. ಅವರೇ ಮಾತು ತೆಗೆದರು.

"ಅವರು ರೈಟ್ ಅಂದ್ರು ಕೂಸೇ. ಮೂರು ಸಲ ಅಂದ್ರು. ಚೆಂಡು ಮುಟ್ಟಿಯಾಗಿದೆ, ಎಂತ ರೈಟ್ ನಿಮ್ದು ಅಂತ ನಾ ಬೈದೆ. ಊಟದ ಹೊತ್ತಿನ ಹಾಗೆ ಉಲ್ಟಾ ಹೇಳ್ತಿದಾರೆ ಅಂದ್ಕೊಂಡೆ. ಗೇಟು ಹಾಕ್ಲಿಕ್ಕೆ ಹೋದೆ."

ಮೂವತ್ತು ವರ್ಷ ಬಸ್ಸು ನಿಲ್ಲಿಸಿದ ಮನುಷ್ಯ, ನಿಲ್ಲಬೇಕಾದ ಜಾಗ ಇನ್ನೂ ಬಂದಿಲ್ಲ ಎಂದು ಹೇಳಿದ್ದ. ಅವನನ್ನು ಬಿಟ್ಟು ಚೆಂಡನ್ನು ನಂಬಿದೆ ಎನ್ನುವುದು ಅವರ ಸಂಕಟ. "ನಾನೇ ಸರಿಯಾಗಿ ನಿಲ್ಲಿಸ್ಲಿಲ್ಲ" ಎಂದು ಡಾಕ್ಟರಿಗೆ, ನರ್ಸಿಗೆ, ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಅದೇ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದ ನಾನು "ಟೀಚರ್, ಮರ ಇಟ್ಟದ್ದು ನಾವು" ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆಗ ನನಗೆ ಅದು ಹೊಳೆದೇ ಇರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಊರಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಸೀಟಿನ ಕಂಬಿಯ ಮೇಲೆ ಹೆಬ್ಬೆರಳು ಕಿರುಬೆರಳು ಚಾಚಿ ಗೇಣು ಹಾಕುತ್ತಿದ್ದದ್ದು ನೆನಪಿದೆ. ಹೊಳೆಯದಿದ್ದರೆ ಯಾಕೆ ಹಾಕುತ್ತಿದ್ದೆ?

ಯಜಮಾನರು ಮತ್ತೆ ಏಳಲಿಲ್ಲ. ಬೆನ್ನಿನಲ್ಲಿ ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ಕೊನೆಕೊನೆಗೆ ಆ ಎರಡು ಶಬ್ದಗಳೂ ನಿಂತವು. ದೀಪಾವಳಿ ಕಳೆದು ಹತ್ತು ದಿನಕ್ಕೆ ಹೋದರು.

ಇದಾದ ಮೇಲೆ ಒಂದು ಪಾಠ ನನಗೆ ನೆನಪಾಗತೊಡಗಿತು. ಎಂಟನೇ ತರಗತಿ. ಟೀಚರ್ ಎಲ್ಲರಿಂದಲೂ ಬೆಂಚನ್ನು ಗೇಣಿನಲ್ಲಿ ಅಳೆಯಿಸುತ್ತಾರೆ. ಒಬ್ಬಳಿಗೆ ಎಂಟು, ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಒಂಬತ್ತೂವರೆ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, "ಬೆಂಚು ಒಂದೇ, ಕೈ ಬೇರೆ. ಅದಕ್ಕೇ ಸ್ಕೇಲು" ಎನ್ನುತ್ತಾರೆ. ಇದು ನಿಜವಾಗಿ ನಡೆಯಿತೇ? ಜೊತೆಗೆ ಓದಿದ ಗೆಳತಿಯನ್ನು ಕೇಳಿದೆ. "ಆ ಪಾಠ ವಿಜ್ಞಾನದ ಮೇಷ್ಟ್ರು ಮಾಡಿದ್ದಲ್ವಾ?" ಅಂದಳು. ಹಾಗಾದರೆ ಆ ತರಗತಿಯಲ್ಲಿ ಟೀಚರನ್ನು ತಂದು ನಿಲ್ಲಿಸಿದವಳು ನಾನೇ. ಕಲಿಸಿದವರೇ ಮರೆತರು, ತಪ್ಪಿನಲ್ಲಿ ಅವರದೂ ಪಾಲಿದೆ ಎಂದುಕೊಳ್ಳುವುದು ನನಗೆ ಬೇಕಾಗಿತ್ತೇನೋ.

ಇನ್ನೊಂದು ನೆನಪಿನ ಬಗ್ಗೆಯಂತೂ ನನಗೆ ಭಯವೇ ಇದೆ. ಶೆಡ್ಡಿನ ಒದ್ದೆ ಸಿಮೆಂಟಿನ ಮೇಲೆ ಗೋಡೆಯಿಂದ ಒಂದು, ಎರಡು, ಮೂರು ಎಂದು ಸರಿಯುವ ಒಂದು ಕೈ ನನಗೆ ಕಾಣುತ್ತದೆ. ಆ ಕೈಗೆ ಮದರಂಗಿ ಹಚ್ಚಿದೆ. ಅಂದರೆ ಅದು ನನ್ನದು, ಹಿಂದಿನ ದಿನವಷ್ಟೇ ನಿಶ್ಚಿತಾರ್ಥವಾಗಿತ್ತಲ್ಲ. ನನ್ನ ಕೈ ಚಿಕ್ಕದು, ಹೆಚ್ಚುಕಡಿಮೆ ಟೀಚರ ಕೈಯಷ್ಟೇ. ಅಳೆದದ್ದು ನಾನಾದರೆ ಮರ ಇದ್ದ ಜಾಗದಲ್ಲೇ ಇತ್ತು, ತಪ್ಪು ನಮ್ಮದಲ್ಲ. ಅಣ್ಣನ ಕೈ ದೊಡ್ಡದು. ಅವನ ಆರು ಗೇಣಿಗೂ ಟೀಚರ ಆರು ಗೇಣಿಗೂ ಸರಿಯಾಗಿ ಒಂದಡಿ ವ್ಯತ್ಯಾಸ ಬರುತ್ತದೆ. ಪೈಪು ಎಷ್ಟು ಮುಂದಿತ್ತೋ ಅಷ್ಟು. ಮದರಂಗಿಯ ಆ ಚಿತ್ರ ಬೇರೆ ಯಾವ ನೆನಪಿಗಿಂತಲೂ ಸ್ಪಷ್ಟವಾಗಿದೆ, ಉಗುರಿನ ಸಂದಿನ ಬಣ್ಣ ಸಮೇತ. ಅಷ್ಟು ಸ್ಪಷ್ಟವಾಗಿರುವುದೇ ನನಗೆ ಅನುಮಾನ.

ಟೀಚರ್ ಗಣಿತದವರು. ಅವರು ಅಳೆಯದೆ ಬಿಡುತ್ತಾರೆಯೇ? ಯಜಮಾನರ ಹದಿಮೂರನೆಯ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ಅವರು ಕುಕ್ಕರುಗಾಲಲ್ಲಿ ಕೂತು ಗೋಡೆಯಿಂದ ಅಂಗೈ ಸರಿಸುತ್ತಿದ್ದುದನ್ನು ನಾನು ಈಚೆಯಿಂದ ಕಂಡೆ. ನಾನೆಳೆದ ಗೆರೆ ಇನ್ನೂ ಮಾಸಿರಲಿಲ್ಲ. ಆರನೆಯ ಗೇಣು ಹಾಕಿ ಅವರು ಹಾಗೇ ಕೂತರು. ಅವರ ಬೆರಳಿನ ತುದಿಗೂ ಗೆರೆಗೂ ನಡುವೆ ಜಾಗವಿತ್ತೇ ಎನ್ನುವುದು ನಾನು ನಿಂತಲ್ಲಿಂದ ಕಾಣುತ್ತಿರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು.

"ಎಂತ ಟೀಚರ್?"

"ಜಿರಲೆ" ಅಂದರು. ಎದ್ದು ಒಳಗೆ ಹೋದರು. ಮಾರನೆಯ ದಿನ ಚೆಂಡು ಇರಲಿಲ್ಲ, ನೆಲ ಉಜ್ಜಿ ತೊಳೆದಿತ್ತು. ಆಮೇಲೆ ಅವರು ಕಾರನ್ನು ಎಲ್ಲಿ ನಿಂತರೆ ಅಲ್ಲಿ ನಿಲ್ಲಿಸುತ್ತಿದ್ದರು.

ಮದುವೆಯ ಕಾಗದ ಕೊಡಲು ಹೋದಾಗ ಅವರು ಅದನ್ನು ಓದದೆ ಪಕ್ಕಕ್ಕಿಟ್ಟು, "ಕೈ ಕೊಡು" ಅಂದರು. ಕೊಟ್ಟೆ. ನನ್ನ ಅಂಗೈಯನ್ನು ತಮ್ಮ ಅಂಗೈಗೆ ಒತ್ತಿ, ಬೆರಳುಗಳನ್ನು ಅಗಲಿಸಿ, ಹೆಬ್ಬೆರಳಿಗೆ ಹೆಬ್ಬೆರಳು, ಕಿರುಬೆರಳಿಗೆ ಕಿರುಬೆರಳು ಹೊಂದಿಸಿ ನೋಡಿದರು. ಎರಡೂ ಸಮನಾಗಿದ್ದವು.

"ಇಷ್ಟೇ ಉಂಟು" ಅಂದರು. ಬಿಟ್ಟರು. ನಾನು ಬಳೆಯ ಅಳತೆಗಿರಬೇಕು, ಉಡುಗೊರೆ ಕೊಡುತ್ತಾರೇನೋ ಅಂದುಕೊಂಡೆ. ಬಳೆ ಬರಲಿಲ್ಲ. ಮದುವೆಗೆ ಅವರೂ ಬರಲಿಲ್ಲ. ನಾನು ನರಸಿಂಹರಾಜಪುರಕ್ಕೆ ಬಂದೆ. ತವರಿಗೆ ಹೋದಾಗಲೆಲ್ಲ ಅವರನ್ನು ಮಾತಾಡಿಸಿದೆ, ಅವರು ಎಂದಿನಂತೆ ಕುಟುಕಿದರು. "ನಾನೇ ಸರಿಯಾಗಿ ನಿಲ್ಲಿಸ್ಲಿಲ್ಲ" ಎನ್ನುವುದನ್ನು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದರಂತೆ. ಗೊತ್ತಿದ್ದೂ ಹಾಗೆ ಹೇಳಿದರೋ, ಗೊತ್ತಿಲ್ಲದೆಯೋ. ಗೊತ್ತಿಲ್ಲದೆ ಹೇಳಿದ್ದಾದರೆ, ಒಂದು ಮಾತಿನಲ್ಲಿ ಇಳಿಸಬಹುದಾಗಿದ್ದ ಹೊರೆಯನ್ನು ಮೂರು ವರ್ಷ ಅವರ ತಲೆಯ ಮೇಲೆ ಬಿಟ್ಟವಳು ನಾನು. ಗೊತ್ತಿದ್ದೇ ಹೇಳಿದ್ದಾದರೆ, ಅವರು ನನ್ನನ್ನೂ ನನ್ನ ಮೌನವನ್ನೂ ಪ್ರತಿ ಸಲ ನೋಡುತ್ತಿದ್ದರು.

ಅಣ್ಣ ಈಗ ಬೇಗಾರಿನ ಕಡೆ ಕೆಲಸದಲ್ಲಿದ್ದಾನೆ. ಟೀಚರ ಸಾವಿಗೆ ಬಂದಿದ್ದ. ದೇಹವನ್ನು ಶೆಡ್ಡಿನಿಂದ ಹೊರತರುವಾಗ ಒಂದು ಭುಜ ಕಡಿಮೆಯಿದೆ ಎಂದು ಯಾರೋ ಅವನನ್ನು ಕರೆದರು. ಅವನು ರಸ್ತೆಯಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಬೇರೆ ಯಾರೋ ಹೆಗಲು ಕೊಟ್ಟರು.

ಮರುವಾರ ಅವನಿಗೆ ಫೋನು ಮಾಡಿದೆ. ಅಳೆದದ್ದು ಯಾರು ಎಂದು ಕೇಳುವ ಧೈರ್ಯ ಆಗಲೂ ಬರಲಿಲ್ಲ. ಬೇರೆಯದೇ ಒಂದು ಪ್ರಶ್ನೆ ಕೇಳಿದೆ. "ಕಂಬದ ಹತ್ರ ಇದೇನೆ, ಮತ್ತೆ ಮಾಡ್ತೆ" ಅಂದ. ಆಮೇಲೆ ನಾಲ್ಕು ಸಲ ಮಾಡಿದ್ದಾನೆ, ಅಮ್ಮನ ಮಾತ್ರೆಯ ಬಗ್ಗೆ, ಗ್ಯಾಸ್ ಸಿಲಿಂಡರಿನ ಬಗ್ಗೆ. ನಾನು ಕೇಳಿದ್ದರ ಬಗ್ಗೆ ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ನಾನು ಕೇಳಿದ್ದು ಇಷ್ಟು:

"ಅಣ್ಣಾ, ಟೀಚರ್ ಯಾವತ್ತಾದ್ರೂ ನಿನ್ನ ಕೈನ ಅವರ ಕೈಗೆ ಹಿಡಿದು ನೋಡಿದ್ರಾ?"